ಜೀವಕೋಶಗಳ ವಿಂಗಡಣೆಯೂ ಕರಾವಳಿಯ ರೋಗಿಯೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಅಂಗಳಗಳಲ್ಲಿ ಬತ್ತವನ್ನು ಜಳ್ಳಿನಿಂದ ಬೇರ್ಪಡಿಸುವುದು ಗೆರಸೆಯ ಕೆಲಸ. ತೂಕದ ಭೇದವೇ ಅಲ್ಲಿ ಸಾಧನ. ರಕ್ತದ ಬಿಳಿಯ ಕೋಶಗಳಲ್ಲಿ ಈ ಉಪಾಯವು ಸಾಲದು. ರೋಗನಿರೋಧಕ್ಕೆ ಆಧಾರವಾದ ಸಿಡಿ4 ಕೋಶವೂ ಅದರ ನೆರೆಯದಾದ ಸಿಡಿ8 ಕೋಶವೂ ಸೂಕ್ಷ್ಮದರ್ಶಕದಲ್ಲಿ ಒಂದೇ ರೂಪವಾಗಿ ತೋರುವುವು. ಇವನ್ನು ಬೇರೆಬೇರೆಯಾಗಿ ಗುರುತಿಸುವ ವಿದ್ಯೆಯು ಹುಟ್ಟಿದ ಬಗೆಯೂ, ಈ ನಾಡಿನ ರೋಗಿಗೆ ಅದು ಒದಗಿದ ಬಗೆಯೂ ವಿಚಾರಾರ್ಹವಾಗಿವೆ.

ಶಾಯಿಯ ಹನಿಗಳಿಗೆ ವಿದ್ಯುದಂಶವನ್ನಿತ್ತು, ಅವನ್ನು ಬೇಕಾದೆಡೆಗೆ ತಿರುಗಿಸಿ ಬರೆಯುವ ಉಪಾಯವನ್ನು ಸ್ಟ್ಯಾನ್‌ಫರ್ಡಿನ ರಿಚರ್ಡ್ ಸ್ವೀಟ್ ಎಂಬವರು ಕಂಡುಹಿಡಿದರು. ಅದನ್ನೇ ಅನುಸರಿಸಿ ಲಾಸ್ ಅಲಮೋಸಿನ ಮ್ಯಾಕ್ ಫುಲ್ವೈಲರ್ 1965ರಲ್ಲಿ ಕೋಶಗಳನ್ನು ಗಾತ್ರಕ್ಕನುಸಾರವಾಗಿ ವಿಂಗಡಿಸಿದರು. 1969ರಲ್ಲಿ ಲೆನರ್ಡ್ ಹರ್ಜೆನ್‌ಬರ್ಗರೂ ಸಹಚರರೂ ಗಾತ್ರಕ್ಕೆ ಬದಲಾಗಿ ಪ್ರತಿದೀಪ್ತಿಯನ್ನು, ಅಂದರೆ ಬೆಳಕು ತಾಗಿದೊಡನೆ ಬೇರೊಂದು ಬಣ್ಣದಲ್ಲಿ ಹೊಳೆಯುವ ಗುಣವನ್ನು, ಗುರುತಾಗಿ ಹಿಡಿದರು. 1972ರ ಯಂತ್ರದಲ್ಲಿ ಲೇಸರ್ ಬೆಳಕು ಸೇರಿತು. 1975ರಲ್ಲಿ ಕೋಹ್ಲರ್ ಮತ್ತು ಮಿಲ್ಸ್ಟೈನ್ ಏಕರೂಪದ ಪ್ರತಿಕಾಯಗಳನ್ನು ಪಡೆಯುವ ಮಾರ್ಗವನ್ನು ತೋರಿದ ಮೇಲೆ, ಒಂದೊಂದು ಜಾತಿಯ ಕೋಶಕ್ಕೆ ಮಾತ್ರ ಅಂಟುವ ಹೊಳೆಯುವ ಗುರುತು ದೊರೆಯಿತು. ಕೋಶಗಳು ಸಣ್ಣ ಧಾರೆಯಲ್ಲಿ ಒಂದೊಂದಾಗಿ ಬೆಳಕಿನ ಮುಂದೆ ಸಾಗುವಾಗ ಯಂತ್ರವು ಅವನ್ನು ಎಣಿಸುವುದು, ಬೇಕಾದಲ್ಲಿ ಬೇರ್ಪಡಿಸುವುದು.

ಎಚ್‌ಐವಿ ಸೋಂಕಿನಲ್ಲಿ ಈ ಎಣಿಕೆಯೇ ನಿರ್ಣಾಯಕವಾಯಿತು. 2004ರ ಏಪ್ರಿಲ್ 1ರಂದು ಭಾರತದಲ್ಲಿ ಉಚಿತ ಔಷಧದಾನವು ಆರಂಭವಾದಾಗ, ಕರ್ನಾಟಕವು ಆಯ್ದ ಆರು ರಾಜ್ಯಗಳಲ್ಲೊಂದಾಗಿತ್ತು. ರೋಗವು ಉಲ್ಬಣಿಸದವರಿಗೆ, ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಿಡಿ4 ಕೋಶಗಳು 200ಕ್ಕಿಂತ ಕಡಿಮೆಯಾದರೆ ಔಷಧವೆಂಬುದು ಆಗಿನ ಸಾಮಾನ್ಯ ನಿಯಮ. ತೆಗೆದ ರಕ್ತವು ಬಹುದಿನ ಉಳಿಯದು. ಆದುದರಿಂದ ಅದನ್ನು ಬೇಗನೆ ಯಂತ್ರದ ಬಳಿಗೆ ತಲುಪಿಸಲೇಬೇಕಾಗಿತ್ತು. ಬೈಂದೂರಿನಿಂದ ಬೆಂಗಳೂರಿಗೆ ಘಟ್ಟವನ್ನೇರಿ 400 ಕಿಲೋಮೀಟರಿಗೂ ಮಿಕ್ಕ ದಾರಿ. ಯಂತ್ರಗಳು ರಾಜಧಾನಿಯಲ್ಲೇ ನಿಂತಿದ್ದರೆ ಕರಾವಳಿಯ ಬಡವನಿಗೆ ಈ ವಿದ್ಯೆಯು ಇದ್ದೂ ಇಲ್ಲದಂತೆಯೇ ಸರಿ. ಎಣಿಕೆಯು ಜಿಲ್ಲೆಗಳತ್ತ ಇಳಿದುಬರಬೇಕಾದುದರ ಕಾರಣವು ಇದೇ.

ಕಾಲಕ್ರಮದಲ್ಲಿ ಆ ಎಲ್ಲೆಯು 350ಕ್ಕೂ 500ಕ್ಕೂ ಏರಿ, 2017ರಲ್ಲಿ ಸೋಂಕು ಖಚಿತವಾದವರೆಲ್ಲರಿಗೂ ಔಷಧವೆಂದು ನಿಶ್ಚಯವಾಯಿತು. ಈಗ ಸಿಡಿ4 ಸಂಖ್ಯೆಯು ರೋಗಿಯ ಬಲಾಬಲವನ್ನು ತಿಳಿಸುವುದೇ ಹೊರತು ಬಾಗಿಲನ್ನು ಕಾಯುವುದಿಲ್ಲ. ಗೆರಸೆಯು ಜಳ್ಳನ್ನು ಹೊರಗೆಸೆಯುವುದಕ್ಕಾಗಿ ಇರುವುದು. ಮನುಷ್ಯರ ವಿಷಯದಲ್ಲಿಯಾದರೋ ಯಾರನ್ನೂ ಹೊರಗಿಡದಿರುವುದೇ ವಿಂಗಡಣೆಯ ಪರಮಪ್ರಯೋಜನವೆಂದು ಈ ಚರಿತ್ರೆಯಿಂದ ತಿಳಿದುಬರುತ್ತದೆ.