ಭದ್ರಾವತಿಯ ಕುಲುಮೆ ಮತ್ತು ನಮ್ಮ ಕೋಲಾರದ ಪಾಠ

ಕಳೆದ ಯುಗಾದಿಗೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಮೇಷ್ಟ್ರೇ, ನಷ್ಟದಲ್ಲಿರುವ ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ನಮ್ಮ ತೆರಿಗೆ ಹಣದಿಂದ ಏಕೆ ಉಳಿಸಬೇಕು?" ಎಂದು ಕೇಳಿದ. ಊಟದ ಎಲೆಯ ಮುಂದೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇತಿಹಾಸ ಬೋಧಿಸಿದವನು ಹಾಗೆ ಸುಮ್ಮನಾಗಬಾರದೆಂದು ಈಗ ಬರೆಯುತ್ತಿದ್ದೇನೆ.

ನಮ್ಮ ಟೇಕಲ್ ಕಲ್ಲಿನ ಊರು. ಉಳಿ ಮೊಂಡಾದರೆ ಅಂದಿನ ಕೂಲಿಯೂ ಮೊಂಡಾಗುತ್ತದೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಉಕ್ಕಿನ ಬೆಲೆಯನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ.

ಅಂದು ಕೋಲಾರ ಜಿಲ್ಲೆಯಲ್ಲಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಬೆಂಕಿಪುರವೆಂಬ ಹಳೆಯ ಹೆಸರಿನ ಊರಿನಲ್ಲಿ, ಭದ್ರಾ ನದಿಯ ದಡದಲ್ಲಿ ಕಬ್ಬಿಣದ ಕಾರ್ಖಾನೆ ಅವರ ಕನಸು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು, ಹೊಳೆಯ ನೀರು, ಎಲ್ಲವೂ ಸಮೀಪದಲ್ಲೇ. 1923ರಲ್ಲಿ ಉತ್ಪಾದನೆ ಆರಂಭವಾದಾಗ ಯುದ್ಧಾನಂತರದ ಬೆಲೆಕುಸಿತದಿಂದ ಕಾರ್ಖಾನೆ ನಷ್ಟದಲ್ಲೇ ಕಣ್ತೆರೆಯಿತು. ನನ್ನ ಶಿಷ್ಯನ ಪ್ರಶ್ನೆ ಅಂದೂ ಇತ್ತು! ವಿಶ್ವೇಶ್ವರಯ್ಯನವರು ಅಧ್ಯಕ್ಷತೆ ವಹಿಸಿ ಖರ್ಚು ತಗ್ಗಿಸಿದರು, ದೇಶೀಯರನ್ನೇ ತರಬೇತುಗೊಳಿಸಿದರು. 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಕಾಲ ಬದಲಾದಂತೆ ಕಾರ್ಖಾನೆಯೂ ಬದಲಾಯಿತು, ಆದ್ದರಿಂದಲೇ ಉಳಿಯಿತು.

1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತಮೇಲೆ ಸ್ವಂತ ಅದಿರಿಲ್ಲ. ಯಂತ್ರಗಳು ಹಳೆಯವಾದರೂ ದೊಡ್ಡ ಬಂಡವಾಳ ಬರಲಿಲ್ಲ. ಮಾರುವ ಪ್ರಯತ್ನವನ್ನು 2022ರಲ್ಲಿ ಕೈಬಿಡಲಾಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಬೇರೆಡೆಯಿಂದ ತರಿಸಿದ ಉಕ್ಕಿನಿಂದ ಸರಳು ತಯಾರಿಸುವ ವಿಭಾಗ ಪುನಃ ತೆರೆಯಿತು. ಇದನ್ನು ಚೇತರಿಕೆ ಎನ್ನಲಾರೆ. ಉಸಿರು ಹಿಡಿದಿದೆ, ಅಷ್ಟೆ.

ನಮ್ಮ ಜಿಲ್ಲೆಗೆ ಇಂಥ ದೃಶ್ಯ ಹೊಸದಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಟೇಕಲ್ ನಿಲ್ದಾಣದಲ್ಲಿ ನಿಂತರೆ ಇಂದಿಗೂ ಮಾರಿಕುಪ್ಪಂ ರೈಲು ಕಾಣುತ್ತದೆ. ಗಣಿಯ ಊರಿನ ಮಕ್ಕಳು ಬೆಂಗಳೂರಿನ ಕೆಲಸಕ್ಕೆ ಕತ್ತಲಲ್ಲೇ ಹೊರಟು ಕತ್ತಲಲ್ಲೇ ಮರಳುತ್ತಾರೆ. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. ಕಬ್ಬಿಣದ ಅದಿರಾದರೋ ಬಳ್ಳಾರಿ ಸೀಮೆಯಲ್ಲಿ ಇನ್ನೂ ಇದೆ. ತೋರಣಗಲ್ಲಿನ ಖಾಸಗಿ ಕಾರ್ಖಾನೆ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮಿಗಿಲಾದ ಸಾಮರ್ಥ್ಯ ಪಡೆದಿದೆ.

ಆದ್ದರಿಂದ ನನ್ನ ಉತ್ತರವಿಷ್ಟೆ. ಸಾಮಾನ್ಯ ಉಕ್ಕಿನಲ್ಲಿ ಭದ್ರಾವತಿ ತೋರಣಗಲ್ಲಿನೊಡನೆ ಸ್ಪರ್ಧಿಸಲಾರದು. ತನಗೆ ಪಳಗಿದ ಮಿಶ್ರಲೋಹದ ವಿಶೇಷ ಉಕ್ಕನ್ನು ಮಾಡಲಿ. ಅದಕ್ಕೊಂದು ಗಣಿ, ಹೊಸ ಯಂತ್ರಗಳು ದೊರೆಯಲಿ. ಅಷ್ಟನ್ನು ಕೊಡುವ ಮನಸ್ಸಿಲ್ಲದಿದ್ದರೆ ಕಾರ್ಮಿಕರಿಗೆ ಅದನ್ನು ಸ್ಪಷ್ಟವಾಗಿ ಹೇಳಿ, ಬೇರೆ ಜೀವನೋಪಾಯ ಕಲ್ಪಿಸಲಿ. ವರ್ಷಕ್ಕೊಂದು ಭರವಸೆ ಕೊಟ್ಟು ಕಾಯಿಸುವುದು ಮಾತ್ರ ಬೇಡ. ಕಾದು ಕಾದು ಬರಿದಾದ ಊರನ್ನು ಕೋಲಾರದವರಾದ ನಾವು ಒಮ್ಮೆ ನೋಡಿದ್ದೇವೆ.