ಸಾರಥಿ ಇಲ್ಲದ ಆಟ

ಮಕ್ಕಳೇ ಮಾಡಿದ ಆಟಕ್ಕೆ ವಯಸ್ಸಿನ ಗುರುತು ಹಚ್ಚಬೇಕೆ? ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ತೆರೆದ 'ಸ್ಕ್ರ್ಯಾಚ್' ತಾಣವನ್ನು ನೋಡಿದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ. ಅದು ಮುಖ್ಯವಾಗಿ 8ರಿಂದ 16 ವರ್ಷದವರಿಗಾಗಿ ರೂಪಿಸಿದ್ದು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮಕ್ಕಳು ಕಥೆ, ಆಟ, ಚಲಿಸುವ ಚಿತ್ರಗಳನ್ನು ಕಟ್ಟುತ್ತಾರೆ. ಮುಗಿದ ಕೂಡಲೇ ಎಲ್ಲರ ಮುಂದಿಡುತ್ತಾರೆ. ಸಿನಿಮಾಕ್ಕಿರುವಂತೆ ಇವಕ್ಕೂ ಏಳು, ಹದಿಮೂರು, ಹದಿನಾರು ಎಂಬ ಗುರುತು ಇರಲಿ ಎನ್ನುವವರಿದ್ದಾರೆ. ತಾಣದ ನಿಲುವು ಬೇರೆ: ಇಲ್ಲಿ ಇಡುವುದೆಲ್ಲ ಎಲ್ಲ ವಯಸ್ಸಿನವರಿಗೂ ಸಲ್ಲುವಂತಿರಬೇಕು.

ಈ ನಿಲುವು ನಮ್ಮ ಆಳಂದ ಸೀಮೆಗೆ ಹೊಸದಲ್ಲ. ಇಲ್ಲಿನ ದೊಡ್ಡಾಟವೂ ಜನರೇ ಕಟ್ಟಿಕೊಂಡದ್ದು. ಬರೆದವನು ಹಳ್ಳಿಯ ಕವಿ, ಕಲಿಸಿದವನು ಹಳ್ಳಿಯ ಮಾಸ್ತರ, ಕಿರೀಟ ಕಟ್ಟಿಕೊಂಡವರು ಹಗಲೆಲ್ಲ ಹೊಲದಲ್ಲಿ ದುಡಿದವರು. ರಾತ್ರಿ ಉಂಡ ಮೇಲೆ ಶುರುವಾದರೆ ಬೆಳಗಾಗುವತನಕ. ಕೀಚಕನ ಕಾಮ, ದುಶ್ಶಾಸನನ ರಕ್ತ ಎಲ್ಲವೂ ಕೌದಿ ಹೊದ್ದು ಕೂತ ಮಕ್ಕಳ ಎದುರಿಗೇ ನಡೆಯುತ್ತಿತ್ತು. ಅಟ್ಟದ ಮುಂದೆ ಬಾಗಿಲಿಲ್ಲ, ಟಿಕೀಟಿಲ್ಲ. ಹಾಗಾಗಿ ವಯಸ್ಸು ಕೇಳುವವರೂ ಇರಲಿಲ್ಲ.

ಕಾನೂನಿಗೂ ಆಗ ವಯಸ್ಸು ಹೊಳೆದಿರಲಿಲ್ಲ. ಬ್ರಿಟಿಷ್ ಇಂಡಿಯಾದ 1876ರ ನಾಟಕ ಪ್ರದರ್ಶನ ಕಾಯ್ದೆ ರಾಜದ್ರೋಹದ, ಅಶ್ಲೀಲದ ನಾಟಕಗಳನ್ನು ನಿಷೇಧಿಸುವ ಅಧಿಕಾರ ಕೊಟ್ಟಿತು. ನಿಷೇಧವಾದರೆ ಎಲ್ಲರಿಗೂ, ಇಲ್ಲದಿದ್ದರೆ ಯಾರಿಗೂ ಇಲ್ಲ. ಧಾರ್ಮಿಕ ಹಬ್ಬಗಳ ಜಾತ್ರೆಯಾಟಗಳನ್ನು ಆ ಕಾಯ್ದೆಯೇ ಹೊರಗಿಟ್ಟಿತ್ತು. ಆಳಂದ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ವಯಸ್ಸಿನ ಗುರುತು ಬಂದದ್ದು ಸಿನಿಮಾ ಟಾಕೀಸಿನ ಬಾಗಿಲಿಗೆ. 1949ರ ತಿದ್ದುಪಡಿ ಚಿತ್ರಗಳನ್ನು 'ಎ' ಮತ್ತು 'ಯು' ಎಂದು ಒಡೆಯಿತು. 1952ರ ಕಾಯ್ದೆ ಅದನ್ನೇ ಮುಂದುವರಿಸಿತು. 1983ರಲ್ಲಿ ನಡುವೆ 'ಯುಎ' ಸೇರಿತು. 2023ರ ತಿದ್ದುಪಡಿ ಆ ನಡುವನ್ನು 7, 13, 16 ಎಂದು ಮೂರು ಪಾಲು ಮಾಡಿತು.

ಇಂಥ ಒಂದು ಅಕ್ಷರ ಏನು ಮಾಡಬಲ್ಲದು ಎಂಬುದಕ್ಕೆ ಕೆ.ಎ. ಅಬ್ಬಾಸ್ ಅವರ ಮೊಕದ್ದಮೆ ಸಾಕ್ಷಿ. ನಾಲ್ಕು ಮಹಾನಗರಗಳ ಸಿರಿತನ, ಬಡತನಗಳನ್ನು ಎದುರುಬದುರು ಇಟ್ಟು ಅವರು ಕಿರುಚಿತ್ರ ಮಾಡಿದರು. ಮುಂಬಯಿಯ ವೇಶ್ಯಾವಾಟಿಕೆಯ ದೃಶ್ಯಗಳು ಅದರಲ್ಲಿದ್ದುದರಿಂದ 'ಯು' ಸಿಗಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಸರ್ಕಾರವೇ ಕತ್ತರಿಯಿಲ್ಲದೆ 'ಯು' ಕೊಡಲು ಒಪ್ಪಿತು. ಆದರೂ ಅಬ್ಬಾಸ್ ಸೆನ್ಸಾರ್ ಪದ್ಧತಿಯನ್ನೇ ಪ್ರಶ್ನಿಸಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಮುಂಚಿತ ಪರಿಶೀಲನೆಯನ್ನೂ ವಯಸ್ಸಿನ ವಿಂಗಡಣೆಯನ್ನೂ ಎತ್ತಿಹಿಡಿಯಿತು. ಜೊತೆಗೆ ಕಲೆ ಯಾವುದು, ಅಶ್ಲೀಲ ಯಾವುದು ಎಂದು ಬೇರ್ಪಡಿಸುವ ಮಾನದಂಡ ಬೇಕೆಂದಿತು.

ಈ ಇತಿಹಾಸದುದ್ದಕ್ಕೂ ಮಾಡುವವರು ದೊಡ್ಡವರು, ಕಾಪಾಡಬೇಕಾದದ್ದು ನೋಡುವ ಮಕ್ಕಳನ್ನು. ಸ್ಕ್ರ್ಯಾಚ್‌ನಲ್ಲಿ ಎರಡೂ ಕಡೆ ಮಕ್ಕಳೇ. ಅಲ್ಲಿ ಬಾಗಿಲು ಕಾಯುವವನಿಲ್ಲ, ಹುಟ್ಟಿದ ವರ್ಷವನ್ನು ಹೇಗೆ ಬೇಕಾದರೂ ಒತ್ತಬಹುದು. ಹದಿನಾರು ಎಂದು ಬರೆದರೆ ಹತ್ತರ ಹುಡುಗನ ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಅಂಕಿ ಬೇಡವೆಂಬ ನಿಲುವು ನನಗೆ ಒಪ್ಪಿಗೆ.

ಆದರೆ 'ಎಲ್ಲರಿಗೂ ಸಲ್ಲಬೇಕು' ಎಂಬ ಮಾತಿಗೂ ಒಂದು ಬೆಲೆಯಿದೆ. ತೊಗರಿ ಕೈಕೊಟ್ಟ ವರ್ಷ ಮನೆಯಲ್ಲೇ ಸಾವು ಕಂಡ ಮಗು ಅದನ್ನು ಕಥೆ ಮಾಡಲು ಕೂತರೆ? ಅದು ಆರು ವರ್ಷದವರಿಗೆ ಸಲ್ಲದಿರಬಹುದು. ಹಾಗೆಂದು ಅಳಿಸಿದರೆ, ನಿನ್ನ ಬದುಕೇ ಮಕ್ಕಳು ನೋಡುವಂಥದ್ದಲ್ಲ ಎಂದು ಆ ಮಗುವಿಗೆ ಹೇಳಿದಂತಾಗುತ್ತದೆ.

ದೊಡ್ಡಾಟ ಇದನ್ನು ನಿಭಾಯಿಸಿದ್ದು ಸಾರಥಿಯಿಂದ. ಅಟ್ಟಕ್ಕೆ ಬಂದ ಪ್ರತಿ ಪಾತ್ರವನ್ನೂ ಅವನು ತಡೆದು, ನೀನು ಯಾರು, ಯಾಕೆ ಬಂದೆ ಎಂದು ಕೇಳುತ್ತಾನೆ. ಮುಂದೆ ಏನಾಗಲಿದೆ ಎಂಬುದು ಚಿಕ್ಕವರಿಗೂ ತಿಳಿಯುತ್ತದೆ. ಹೆದರಿದವರಿಗೆ ಪಕ್ಕದಲ್ಲೇ ಅವ್ವನ ಮಡಿಲು. ಬಯಲು ಎಲ್ಲರಿಗೂ ಸಮನಾಗಿತ್ತು ಎಂದು ನಾನು ಹೇಳುವುದಿಲ್ಲ. ಕೂರುವ ಜಾಗದಲ್ಲಿ ಜಾತಿಯಿತ್ತು, ಹೆಣ್ಣು ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು. ಆದರೆ ಮುಂದೆ ಬರುವುದನ್ನು ಹೇಳಿ ತೋರಿಸುವ ಆ ಜಾಣತನ ಈಗಲೂ ಬೇಕಾದದ್ದೇ.

2021ರ ಐಟಿ ನಿಯಮಗಳು ಓಟಿಟಿ ವೇದಿಕೆಗಳಿಗೆ ವಯಸ್ಸಿನ ಜೊತೆ ಒಳಗೇನಿದೆ ಎಂಬುದನ್ನೂ ತಿಳಿಸಲು ಹೇಳಿದವು. ಅದು ದೊಡ್ಡ ಪ್ರಕಾಶಕರ ಹೊಣೆ. ಸ್ಕ್ರ್ಯಾಚ್‌ನಲ್ಲಿ ಪ್ರತಿ ಆಟದ ಪಕ್ಕದಲ್ಲೂ ಮಾಡಿದವರು ಟಿಪ್ಪಣಿ ಬರೆಯಲು ಜಾಗವಿದೆ. 'ಇದು ನಮ್ಮ ಅಪ್ಪನ ಕಥೆ, ಇದರಲ್ಲಿ ಸಾವಿದೆ, ಸಣ್ಣವರು ದೊಡ್ಡವರ ಜೊತೆ ನೋಡಿ' ಎಂದು ಮಗುವೇ ಅಲ್ಲಿ ಬರೆಯಬಹುದು. ಹಾಗೆ ಬರೆಯಲು ಕಲಿಸುವುದು ಮನೆಯವರ, ಮಾಸ್ತರರ ಕೆಲಸ.