ಜಿಂಕೆಯ ಟ್ಯಾಕ್ಸಿಡರ್ಮಿ ಮತ್ತು ಮಾಂಸ ಸಂಸ್ಕರಣೆ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ

ಬೇಟೆಗಾರ ತಂದ ಜಿಂಕೆಯ ತೊಗಲು ಹದಮಾಡಿ, ಕೊಂಬಿನ ತಲೆಯನ್ನು ಹಲಗೆಗೆ ಕೂರಿಸಿ, ಮಾಂಸವನ್ನು ಕೊಯ್ದು ಕಟ್ಟಿಕೊಡುವುದು ಅಮೆರಿಕದ ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಊರೂರಿನ ಕಸುಬು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಇಂಥ ಸೇವೆಗೆ ಇಂದು ಕಾನೂನಿನ ಮಾನ್ಯತೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸ್ಥಳೀಯ ಬೇಟೆಗಾರರ ಕಸುಬೊಂದನ್ನು ಮುಗಿಸಿತು ಎಂಬ ವಾದವುಂಟು. ಅದು ಅರ್ಧ ಮಾತ್ರ ನಿಜ. ಈ ನೆಲದಲ್ಲಿ ಬೇಟೆ ಹಳೆಯದು, ತೊಗಲಿನ ಕೆಲಸವೂ ಹಳೆಯದು. ಆದರೆ ಸತ್ತ ಜಿಂಕೆಯ ತಲೆಯನ್ನು ಗೋಡೆಗೆ ಏರಿಸುವ ಉದ್ಯಮ ಅರಮನೆ ಮತ್ತು ಬ್ರಿಟಿಷ್ ಅಧಿಕಾರಿಗಳ ಶಿಕಾರಿಯ ಜೊತೆ ಬಂದದ್ದು, ಅದರ ಜೊತೆಗೇ ಹೋದದ್ದು.

ಬೇಟೆಯ ಹಳಮೆಗೆ ಹಂಪಿಯ ಕಲ್ಲುಗಳೇ ಸಾಕ್ಷಿ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಓಡುವ ಜಿಂಕೆಗಳನ್ನೂ ಅವುಗಳ ಬೆನ್ನಟ್ಟಿದ ಬೇಟೆಗಾರರನ್ನೂ ಕೊರೆದಿದ್ದಾರೆ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್, ವಿಜಯನಗರದ ಅರಸರು ತಿನ್ನುತ್ತಿದ್ದ ಮಾಂಸಗಳನ್ನು ಹೆಸರಿಸುವಾಗ ಕುರಿ, ಹಂದಿ, ಮೊಲಗಳ ಜೊತೆ ಜಿಂಕೆಯನ್ನೂ ಸೇರಿಸಿದ್ದಾನೆ. ಈ ಎರಡರಲ್ಲೂ ಕಾಣುವುದು ಆಟ ಮತ್ತು ಆಹಾರ. ಇನ್ನು ತೊಗಲು: ಉಪನಯನದಲ್ಲಿ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ (ಕೃಷ್ಣಮೃಗದ ತೊಗಲಿನ) ಚೂರು ಕಟ್ಟುವ ಪದ್ಧತಿ ಕನ್ನಡ ನಾಡಿನಲ್ಲೆಲ್ಲ ಇತ್ತು. ಬಳ್ಳಾರಿ ಸೀಮೆಯ ಕಿಳ್ಳೇಕ್ಯಾತ ಸಮುದಾಯದವರ ತೊಗಲುಗೊಂಬೆಗಳನ್ನು ಇನ್ನೂ ಹತ್ತಿರದಿಂದ ನೋಡಬೇಕು. ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಬಿಗಿದು ಒಣಗಿಸಿದ ತೊಗಲಿನ ಮೇಲೆ ಗೆರೆ ಎಳೆದು, ಒಡವೆಯ ಅಂಚಿಗೆಲ್ಲ ಸಣ್ಣ ತೂತು ಕೊರೆದು ಬಣ್ಣ ತುಂಬುತ್ತಾರೆ. ಹಿಂದೆ ಇದಕ್ಕೆ ಜಿಂಕೆಯ ತೊಗಲನ್ನೂ ಬಳಸುತ್ತಿದ್ದರು, ಈಗ ಮೇಕೆಯದು. ತೊಗಲು ಬದಲಾದರೂ ಗೊಂಬೆಯಾಟ ನಿಲ್ಲಲಿಲ್ಲ. ಕಲಾವಿದ ಬೆಳಗಲ್ಲು ವೀರಣ್ಣನವರು ಅದನ್ನು ನಾಡಿನಾಚೆಗೂ ಕೊಂಡೊಯ್ದರು. ಬೇಟೆ ನಿಂತರೆ ಕಸುಬು ಸಾಯುತ್ತದೆ ಎನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ.

ತಲೆ ಕೂರಿಸುವ ಕಲೆಯ ದಾರಿಯೇ ಬೇರೆ. ಕರ್ನಾಟಕದಲ್ಲಿ ಅದರ ದೊಡ್ಡ ಹೆಸರು ಮೈಸೂರಿನ ವ್ಯಾನ್ ಇಂಗೆನ್. 1900ರ ಸುಮಾರಿಗೆ ಆರಂಭವಾದ ಈ ಕಾರ್ಖಾನೆ ಹುಲಿ, ಚಿರತೆಗಳಿಗೆ ಜಗತ್ಪ್ರಸಿದ್ಧವಾಗಿತ್ತು. ಕಡವೆ, ಜಿಂಕೆಗಳ ತಲೆಗಳೂ ಅಲ್ಲಿ ಸಿದ್ಧವಾಗುತ್ತಿದ್ದವು. ಕಾಡಿನಲ್ಲೇ ಚರ್ಮ ಸುಲಿದು, ಉಪ್ಪು ತಿಕ್ಕಿ, ನೆರಳಲ್ಲಿ ಒಣಗಿಸಿ ಅಲ್ಲಿಗೆ ಕಳಿಸಬೇಕಿತ್ತು. ಸೀಳು ಗಂಟಲಿನ ಕಡೆಯಿಂದಲ್ಲ, ಕತ್ತಿನ ಹಿಂಭಾಗದಿಂದ. ಇಲ್ಲದಿದ್ದರೆ ಹೊಲಿಗೆ ಎದುರಿಗೇ ಕಾಣುತ್ತದೆ. ಕಾರ್ಖಾನೆಯಲ್ಲಿ ಅಚ್ಚಿನಿಂದ ತೆಗೆದ ಕಾಗದದ ರೊಟ್ಟಿನ ಮೂರ್ತಿಗೆ ಹದಗೊಂಡ ಚರ್ಮ ಹೊದಿಸಿ, ಗಾಜಿನ ಕಣ್ಣು ಕೂರಿಸುತ್ತಿದ್ದರು. ಇದು ನಿಜಕ್ಕೂ ಉನ್ನತ ಕೌಶಲ. ಆದರೆ ಅದರ ಗಿರಾಕಿಗಳು ಮಹಾರಾಜರು, ಸೇನಾಧಿಕಾರಿಗಳು, ತೋಟದ ಯಜಮಾನರು. ಬಲೆ ಹಿಡಿದು ಹೊಲದಂಚಿನಲ್ಲಿ ಕಾಯುವ ಸ್ಥಳೀಯ ಬೇಟೆಗಾರನಿಗೆ ಬೇಕಾದದ್ದು ಮಾಂಸ. ಗೋಡೆಯ ಮೇಲಿನ ತಲೆಯಿಂದ ಅವನಿಗೇನೂ ಆಗಬೇಕಿರಲಿಲ್ಲ.

ಕಾಯ್ದೆ ಈ ಉದ್ಯಮವನ್ನು ಒಂದೇ ಏಟಿಗೆ ಮುಚ್ಚಲಿಲ್ಲ. 1972ರಲ್ಲಿ ಟ್ಯಾಕ್ಸಿಡರ್ಮಿಗೆ ಪರವಾನಗಿ ಕಡ್ಡಾಯವಾಯಿತು, 1986ರ ತಿದ್ದುಪಡಿ ಅನುಸೂಚಿತ ಪ್ರಾಣಿಗಳ ಚರ್ಮ, ತಲೆಗಳ ವ್ಯಾಪಾರ ನಿಷೇಧಿಸಿತು, 1991ರದು ಬೇಟೆಯ ಪರವಾನಗಿಗಳನ್ನೇ ಕೊನೆಗೊಳಿಸಿತು. 1999ರಲ್ಲಿ ವ್ಯಾನ್ ಇಂಗೆನ್ ಬಾಗಿಲು ಹಾಕಿತು. ಅಷ್ಟರಲ್ಲಿ ಸಂಡೂರಿನಲ್ಲಿ ಬೇರೆಯೇ ಗಾಳಿ ಬೀಸಿತ್ತು. ಅಲ್ಲಿನ ರಾಜಮನೆತನದ ಎಂ.ವೈ. ಘೋರ್ಪಡೆ ವನ್ಯಜೀವಿ ಛಾಯಾಗ್ರಾಹಕರಾಗಿ ಹೆಸರಾದರು. 1994ರಲ್ಲಿ ಹತ್ತಿರದ ದರೋಜಿ ಕರಡಿಧಾಮ ಘೋಷಣೆಯಾಯಿತು. ಅರಸುಮನೆಯವರೇ ಕ್ಯಾಮೆರಾ ಹಿಡಿದದ್ದು ಈ ಸೀಮೆಯ ಪುಣ್ಯವೆಂದೇ ಹೇಳಬೇಕು.

ಬೇಟೆಯ ನಿಷೇಧಕ್ಕೆ ಎದುರಾಗುವ ಬೆಳೆಹಾನಿಯ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಕೊಪ್ಪಳ, ಗದಗ ಕಡೆಯ ಎರೆಹೊಲಗಳಲ್ಲಿ ಕೃಷ್ಣಮೃಗದ ಹಿಂಡು ಮೊಳಕೆಯನ್ನು ಮೇಯ್ದುಬಿಟ್ಟರೆ ರೈತನ ನಷ್ಟ ದೊಡ್ಡದು. ಅಮೆರಿಕದಂತೆ ಪರವಾನಗಿ ಕೊಟ್ಟು, ಮಾಂಸ ಸಂಸ್ಕರಿಸಿ ಮಾರಿದರೇನು ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಆದರೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳೇ ಕೋಟಿಗಟ್ಟಲೆ ಇವೆ. ಇಲ್ಲಿ ಉಳಿದಿರುವುದು ಹೊಲ, ಗಣಿ, ಹೆದ್ದಾರಿಗಳ ನಡುವಿನ ತುಣುಕು ಕಾಡು. ಅಕ್ರಮ ಗಣಿಗಾರಿಕೆ ಮಿತಿಮೀರಿ ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಬೇಕಾಯಿತು. ಮಾಂಸಕ್ಕೆ ಬೆಲೆ ಬಂದರೆ ಬೆಳೆ ತಿಂದ ಜಿಂಕೆಗೂ ಕಾಡಿನಲ್ಲಿದ್ದ ಜಿಂಕೆಗೂ ವ್ಯತ್ಯಾಸ ಉಳಿಯದು. ಕೊಯ್ದು ಕಟ್ಟಿದ ಮೇಲೆ ಎಲ್ಲಿಯದೆಂದು ಪತ್ತೆಮಾಡುವುದೂ ಕಷ್ಟ. ಮಧ್ಯಪ್ರದೇಶದಲ್ಲಿ 2025ರಲ್ಲಿ ಮಾಡಿದಂತೆ ಕೃಷ್ಣಮೃಗಗಳನ್ನು ದೊಡ್ಡಿಗೆ ಓಡಿಸಿ ಹಿಡಿದು ಸಾಗಿಸುವುದು, ಪರಿಹಾರವನ್ನು ತಡಮಾಡದೆ ಕೊಡುವುದು ನ್ಯಾಯವಾದ ದಾರಿ. ಟ್ಯಾಕ್ಸಿಡರ್ಮಿಯ ಕೌಶಲಕ್ಕೂ ಎಡೆಯಿದೆ: ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ಆರಂಭವಾದ ಕೇಂದ್ರ, ಸತ್ತ ವನ್ಯಜೀವಿಗಳನ್ನು ಶಿಕ್ಷಣಕ್ಕಾಗಿ ಕಾಪಿಡುತ್ತದೆ. 2017ರಲ್ಲಿ ಆರಂಭವಾದ, ಹಂಪಿ ಬಳಿಯ ಕಮಲಾಪುರದ ಪ್ರಾಣಿಸಂಗ್ರಹಾಲಯದಲ್ಲಿ ಸಹಜವಾಗಿ ಸತ್ತ ಜಿಂಕೆಗಳಿಗೂ ಇಂಥ ಏರ್ಪಾಡು ಆಗಬೇಕು.

ಕಾಯ್ದೆಯ 39ನೇ ಕಲಮಿನಂತೆ ಸತ್ತು ಬಿದ್ದ ಜಿಂಕೆ ಸರ್ಕಾರದ ಸ್ವತ್ತು. ಕೃಷ್ಣಮೃಗವನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆವಾಸ. ಹಳೆಯ ಮನೆಗಳಲ್ಲಿ ಜಿಂಕೆಯ ತಲೆ, ಕೊಂಬು, ಚರ್ಮ ಇದ್ದರೆ ಅದಕ್ಕೆ ಮಾಲೀಕತ್ವ ಪ್ರಮಾಣಪತ್ರ ಇದೆಯೇ ಎಂದು ನೋಡಿಕೊಳ್ಳಿ. ಪ್ರಮಾಣಪತ್ರ ಇದ್ದರೂ ಮಾರಲು ಹೋಗಬೇಡಿ, ಇಲ್ಲದಿದ್ದರೆ ಹತ್ತಿರದ ವಲಯ ಅರಣ್ಯಾಧಿಕಾರಿಗೆ ತಿಳಿಸಿ.